ಡಿಕ್ರಿಗೆ ದಕ್ಕದ ಸೊತ್ತು

ಪುಣೆ ಜಿಲ್ಲೆಯ ಭೀಮಥಡಿ ತಾಲ್ಲೂಕಿನ ಸುಪೆ ಎಂಬುದು ಸಂತೆಯ ಊರು. 1875ನೆಯ ಇಸವಿಯ ಮೇ ತಿಂಗಳ 12ನೆಯ ತಾರೀಖು, ಸುತ್ತಣ ಹಳ್ಳಿಗಳಿಂದ ಸಂತೆಗೆಂದು ನೆರೆದಿದ್ದ ಕುಣಬಿ ಒಕ್ಕಲಿಗರು ಅಲ್ಲಿಯ ಸಾಹುಕಾರರ ಅಂಗಡಿಗಳ ಮೇಲೂ ಮನೆಗಳ ಮೇಲೂ ಒಮ್ಮೆಗೇ ಏರಿಹೋಗಿ, ಕೈಗೆ ಸಿಕ್ಕಿದ ಬಟ್ಟೆಬರೆಯನ್ನೂ ಧಾನ್ಯವನ್ನೂ ಸೂರೆಮಾಡಿ, ಲೆಕ್ಕದ ವಹಿಗಳನ್ನೂ ಸಾಲಪತ್ರಗಳ ಕಟ್ಟುಗಳನ್ನೂ ಹೊರಗೆಳೆದು ಸುಟ್ಟರು. ಮುಂದಿನ ಕೆಲವು ವಾರಗಳಲ್ಲಿ ಈ ಕ್ಷೋಭೆಯು ಇಂದಾಪುರ, ಪುರಂದರ, ಶಿರೂರು ತಾಲ್ಲೂಕುಗಳಿಗೂ, ಗಡಿಯಾಚೆಯ ಅಹಮದನಗರ ಜಿಲ್ಲೆಯ ಹಳ್ಳಿಗಳಿಗೂ ಹಬ್ಬಿದಾಗ, ಸುಪೆಯಲ್ಲಿ ಕಂಡ ಸೂರೆಯ ಉತ್ಸಾಹವು ತಗ್ಗಿ, ಒಂದು ಬಗೆಯ ಶಿಸ್ತೇ ಅದರಲ್ಲಿ ತಲೆದೋರಿತು. ಜನರು ಗುಂಪುಗೂಡಿ ಸಾಹುಕಾರನ ಬಾಗಿಲಿಗೆ ಹೋಗುವರು, ಪತ್ರಗಳನ್ನು ಕೇಳುವರು, ಕೊಟ್ಟನೆಂದರೆ ಆತನ ಮೈಮುಟ್ಟದೆ ಪತ್ರಗಳನ್ನು ಹರಿದೋ ಸುಟ್ಟೋ ಹಿಂದಿರುಗುವರು, ಕೊಡಲೊಲ್ಲೆನೆಂದರೆ ಮಾತ್ರ ಬಲಾತ್ಕಾರ, ಹುಲ್ಲಿನ ಬಣವೆಗೆ ಬೆಂಕಿ. ಸೈನ್ಯ ಬಂದಿತು, ಪೋಲೀಸು ಠಾಣ್ಯಗಳು ಕುಳಿತವು, ನೂರಾರು ಮಂದಿ ಸೆರೆಯಾದರು. ದಖ್ಖಣದ ದಂಗೆಗಳೆಂದು ಚರಿತ್ರೆಯಲ್ಲಿ ಹೆಸರಾದ ಈ ಘಟನೆಯನ್ನು ವಿಚಾರಿಸಿದವರಿಗೆಲ್ಲ ಮೊದಲು ಕಣ್ಣಿಗೆ ಬಿದ್ದ ಸಂಗತಿಯೆಂದರೆ, ಅಷ್ಟು ಕೋಪಗೊಂಡ ಜನ ಮನುಷ್ಯನ ಮೇಲೆ ಕೈಮಾಡುವುದಕ್ಕಿಂತ ಕಾಗದದ ಮೇಲೆ ಹೆಚ್ಚಾಗಿ ಕೈಮಾಡಿದ್ದರೆಂಬುದು.

ಆ ಕಾಗದದಲ್ಲಿ ಇದ್ದುದಾದರೂ ಏನು? ಮೇಲ್ಗಡೆ ಸರ್ಕಾರದ ಸ್ಟಾಂಪು. ನಡುವೆ ಯಾರೋ ಬರೆದ ಮೋಡಿಯಕ್ಷರದ ಸಾಲುಗಳು. ಅಡಿಯಲ್ಲಿ, ಅಕ್ಷರವರಿಯದ ಒಕ್ಕಲಿಗನ ಹೆಸರಿನ ಮುಂದೆ, ಆತನ ರುಜುವಿಗೆ ಬದಲಾಗಿ ಗೀಚಿದ ಒಂದು ನೇಗಿಲಿನ ಚಿತ್ರ. ಮರಾಠಿ ಸೀಮೆಯ ವಾಡಿಕೆಯಲ್ಲಿ ಸೈನಿಕ ಕುಲದವನಿಗೆ ಕಠಾರಿಯ ಗುರುತು, ಹೆಂಗಸಿಗೆ ಬಳೆಯ ಗುರುತು, ಒಕ್ಕಲಿಗನಿಗೆ ನೇಗಿಲಿನ ಗುರುತು. ಯಾವ ನೇಗಿಲಿನ ಚಿತ್ರವನ್ನು ಬರೆದು ಆತನು ಸಾಲಕ್ಕೆ ಒಪ್ಪಿದನೋ ಆ ನೇಗಿಲೇ ಮುಂದೊಂದು ದಿನ ಕೋರ್ಟಿನ ಅಮೀನನ ಕೈಯಿಂದ ಲಿಲಾವಿಗೆ ಬರುವುದು ಅಸಂಭವವಾಗಿರಲಿಲ್ಲ.

ಏಕೆಂದರೆ 1859ರ ದಿವಾಣಿ ವ್ಯವಹಾರ ಸಂಹಿತೆಯು ಡಿಕ್ರಿಯ ವಸೂಲಿಗಾಗಿ ಯಾವ ಯಾವ ಸೊತ್ತನ್ನು ಜಪ್ತಿಮಾಡಬಹುದೆಂಬುದನ್ನು ವಿವರಿಸುವಾಗ ಭೂಮಿ, ಮನೆ, ಸರಕು, ನಗದು, ಹುಂಡಿ ಮೊದಲಾದುವನ್ನು ಒಂದೊಂದಾಗಿ ಎಣಿಸಿ, ಕೊನೆಗೆ ಪ್ರತಿವಾದಿಗೆ ಸೇರಿದ ಇತರ ಸಮಸ್ತ ಚರ ಸ್ಥಿರ ಸ್ವತ್ತು ಎಂದು ಬಾಯ್ದೆರೆದಿತ್ತು. ಇಂಗ್ಲೆಂಡಿನ ವ್ಯಾಪಾರಿಗೂ ಮುಂಬಯಿಯ ಶೆಟ್ಟಿಗೂ ಒಪ್ಪಬಹುದಾದ ಈ ಸೂತ್ರವನ್ನು, ಒಂದು ಜೊತೆ ಎತ್ತು ಮತ್ತು ಒಂದು ಮಳೆಯ ಮೇಲೆ ಇಡಿಯ ಸಂಸಾರವನ್ನು ನಿಲ್ಲಿಸಿಕೊಂಡಿದ್ದ ಭೀಮಾತೀರದ ಒಕ್ಕಲಿಗನಿಗೂ ಯಥಾವತ್ತಾಗಿ ಅನ್ವಯಿಸಿದ್ದರಲ್ಲಿ, ಶಾಸನಕರ್ತರಿಗೆ ದುರುದ್ದೇಶವಿತ್ತೆಂದು ಹೇಳಲಾಗದು. ಆದರೆ ಆ ದೇಶದ ಪರಿಚಯವಿರಲಿಲ್ಲವೆಂದು ಧಾರಾಳವಾಗಿ ಹೇಳಬಹುದು.

ಹಿಂದಿನ ಕಾಲದಲ್ಲಿ ಸಾಲವಿರಲಿಲ್ಲವೆ? ಬೇಕಾದಷ್ಟಿತ್ತು. ಸಾಹುಕಾರನು ಬಾಗಿಲಲ್ಲಿ ಧರಣಿ ಕುಳಿತುಕೊಳ್ಳುತ್ತಿದ್ದನು. ತಗಾದೆಗೆ ಆಳುಗಳನ್ನು ಕಳುಹಿಸುತ್ತಿದ್ದನು. ಪಂಚಾಯಿತಿಗೆ ದೂರು ಕೊಡುತ್ತಿದ್ದನು. ಆದರೆ ದಾಮದುಪ್ಪಟ್ಟಿನ ನಿಯಮದ ಪ್ರಕಾರ ಒಮ್ಮೆಗೆ ವಸೂಲಾಗುವ ಬಡ್ಡಿಯು ಅಸಲನ್ನು ಮೀರುವಂತಿರಲಿಲ್ಲ. ಊರಿನ ಜಮೀನು ಊರ ಹೊರಗಿನವನ ಪಾಲಾಗುವುದನ್ನು ಊರು ಸಹಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಾಲಗಾರನು ಬದುಕಿ ಉತ್ತು ಬಿತ್ತಿದರೆ ಮಾತ್ರ ತನ್ನ ಹಣ ಬರುವುದೆಂಬುದನ್ನು ಸಾಹುಕಾರನು ಚೆನ್ನಾಗಿ ಅರಿತಿದ್ದನು. ಇನ್ನೂ ಹಿಂದಕ್ಕೆ ಹೋದರೆ, ದುಡಿಮೆಯ ಹೊತ್ತಿನಲ್ಲಿ ಒಕ್ಕಲಿಗರನ್ನೂ ರಾಜಪುರುಷರನ್ನೂ ಸಾಲಕ್ಕಾಗಿ ಹಿಡಿಯಕೂಡದೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ವಿಧಿಯಿದೆ. ಕೌಟಿಲ್ಯನಿಗೆ ಬಡವರ ಮೇಲೆ ಕರುಣೆ ಉಕ್ಕುತ್ತಿತ್ತೆಂದು ಯಾರೂ ನಂಬಲಾರರು. ಹೊಲ ಪಾಳುಬಿದ್ದರೆ ಬೊಕ್ಕಸ ಬರಿದಾಗುವುದೆಂಬ ಲೆಕ್ಕವು ಆತನಿಗೆ ತಿಳಿದಿತ್ತು.

ಕಂಪನಿಯ ಆಳ್ವಿಕೆ ಬಂದಮೇಲೆ ಈ ಕಟ್ಟುಗಳೆಲ್ಲ ಒಂದೊಂದಾಗಿ ಸಡಿಲಿದುವು. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳು 1836ರಲ್ಲಿ ಇಂದಾಪುರದಿಂದ ಆರಂಭಿಸಿ ಮಾಡಿದ ಸರ್ವೆಯು ಪ್ರತಿಯೊಂದು ಹೊಲಕ್ಕೂ ಒಂದು ನಂಬರನ್ನೂ ಮೂವತ್ತು ವರ್ಷಕ್ಕೆ ಸ್ಥಿರವಾದ ಕಂದಾಯವನ್ನೂ ಗೊತ್ತುಮಾಡಿ, ಹೊಲವನ್ನು ಮಾರಬಹುದಾದ, ಅಡವಿಡಬಹುದಾದ ಪದಾರ್ಥವನ್ನಾಗಿ ಮಾಡಿತು. 1827ರ ಎಲ್ಫಿನ್‌ಸ್ಟನ್ ಸಂಹಿತೆಯಲ್ಲಿ ಬಡ್ಡಿಗೆ ನೂರಕ್ಕೆ ಹನ್ನೆರಡರ ಮಿತಿಯಿತ್ತು. 1855ರಲ್ಲಿ, ಹಣದ ಬೆಲೆಯನ್ನು ಮಾರುಕಟ್ಟೆಯೇ ಕಟ್ಟಲಿ ಎಂಬ ಹೊಸ ಅರ್ಥಶಾಸ್ತ್ರದ ಮಾತಿಗೆ ಕಿವಿಗೊಟ್ಟು ಅದನ್ನು ರದ್ದುಮಾಡಲಾಯಿತು. 1859ರಲ್ಲಿ ಬಂದ ಕಾಲಮಿತಿಯ ಕಾಯಿದೆಯು ನೋಂದಣಿಯಾಗದ ಸಾಲಪತ್ರಕ್ಕೆ ಮೂರು ವರ್ಷದ ಆಯುಸ್ಸನ್ನು ಕೊಟ್ಟಿತು. ಹಳೆಯ ಸಾಲಗಳ ಹೊರೆಯಿಂದ ರೈತನನ್ನು ಬಿಡಿಸಬೇಕೆಂಬುದು ಅದರ ಸದುದ್ದೇಶ; ಆದರೆ ಆದದ್ದೇ ಬೇರೆ. ಮೂರು ವರ್ಷ ತುಂಬುವ ಮುಂಚೆ ಸಾಹುಕಾರನು ಸಾಲಗಾರನನ್ನು ಕರೆಸಿ, ಅಸಲು ಬಡ್ಡಿಗಳನ್ನು ಕೂಡಿಸಿ, ಆ ಮೊತ್ತವನ್ನೇ ಹೊಸ ಅಸಲೆಂದು ಬರೆಸಿ, ಮತ್ತೊಂದು ನೇಗಿಲಿನ ಗುರುತನ್ನು ಹಾಕಿಸಿಕೊಳ್ಳುವನು. ಹಳೆಯ ಪತ್ರವನ್ನು ಹಿಂದಕ್ಕೆ ಕೊಡಲು ಒಮ್ಮೊಮ್ಮೆ ಮರೆಯುವನು. ಹೀಗೆ ಬಡ್ಡಿಯನ್ನು ಅಸಲಿನೊಳಗೆ ಅಡಗಿಸಿಬಿಟ್ಟಮೇಲೆ ದಾಮದುಪ್ಪಟ್ಟಿನ ನಿಯಮಕ್ಕೆ ಹಿಡಿಯಲು ಏನೂ ಉಳಿಯಲಿಲ್ಲ.

ಇದರ ಮೇಲೆ ಅಮೆರಿಕದ ಅಂತರ್ಯುದ್ಧ ಬಂದಿತು. 1861ರಿಂದ 1865ರವರೆಗೆ ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿಗೆ ಹೋಗದೆ ನಿಂತು, ಹಿಂದುಸ್ಥಾನದ ಹತ್ತಿಗೆ ಕಂಡುಕೇಳದ ಬೆಲೆ ಬಂದುದರಿಂದ, ಸಾಹುಕಾರರು ತಾವೇ ಮುಂದಾಗಿ ಹೊಲದ ಭದ್ರತೆಯ ಮೇಲೆ ಧಾರಾಳವಾಗಿ ಸಾಲ ಕೊಟ್ಟರು. ಯುದ್ಧ ನಿಂತಿತು, ಬೆಲೆ ಬಿದ್ದಿತು, ಸಾಲದ ಬಾಗಿಲು ಮುಚ್ಚಿತು. ಅದೇ ಸಮಯಕ್ಕೆ ಮೂವತ್ತು ವರ್ಷದ ಗಡುವು ತೀರಿದ ತಾಲ್ಲೂಕುಗಳಲ್ಲಿ, ಇಂದಾಪುರದಲ್ಲಿ 1867ರಿಂದ ಮೊದಲುಗೊಂಡು, ಕಂದಾಯದ ಮರುಪರಿಷ್ಕಾರವಾಗಿ ದರಗಳು ತೀವ್ರವಾಗಿ ಏರಿದುವು. ಕಂದಾಯ ಕಟ್ಟಲು ಸಾಲ ಬೇಕು. ಸಾಹುಕಾರನು ಹೊಸ ಸಾಲ ಕೊಡಲೊಲ್ಲನು. ಹಳೆಯ ಸಾಲಕ್ಕೆ ಕೋರ್ಟಿಗೆ ಹೋಗುತ್ತಾನೆ. ಪ್ರತಿವಾದಿಯಾದ ರೈತನು ಹತ್ತಾರು ಹರದಾರಿ ನಡೆದು ಕೋರ್ಟಿಗೆ ಹೋಗಿ ಹೇಳಬಹುದಾದ್ದೇನು? ಗುರುತು ತನ್ನದೆಂಬುದು ನಿಜ. ಆದುದರಿಂದ ಅನೇಕರು ಹೋಗುತ್ತಲೇ ಇರಲಿಲ್ಲ. ಡಿಕ್ರಿಯು ಏಕಪಕ್ಷೀಯವಾಗಿ ಆಗಿಬಿಡುತ್ತಿತ್ತು.

ಇಂತಹ ಒಂದು ಡಿಕ್ರಿಯ ಕಥೆಯು ಶಿರೂರು ತಾಲ್ಲೂಕಿನ ಕರಡೆ ಎಂಬ ಹಳ್ಳಿಯಲ್ಲಿ ದಂಗೆಗೆ ಕೆಲವು ತಿಂಗಳು ಮೊದಲೇ ನಡೆದುಹೋಗಿತ್ತು. ಅಲ್ಲಿ ಕಾಳೂರಾಮನೆಂಬ ಮಾರವಾಡಿ ಸಾಹುಕಾರನು ಬಾಬಾಸಾಹೇಬ ದೇಶಮುಖನೆಂಬ ಮಾನವಂತನ ಮೇಲೆ ಡಿಕ್ರಿ ಪಡೆದು, ಆತನ ಮನೆಯನ್ನು ಲಿಲಾವಿನಲ್ಲಿ ತಾನೇ ಕೊಂಡು, ಕೊಂಡಷ್ಟಕ್ಕೆ ತೃಪ್ತನಾಗದೆ ಅದನ್ನು ಕೆಡವಿಹಾಕಿದನು. ಮನೆ ಕೈಬಿಟ್ಟುಹೋಗುವುದು ಬೇರೆ, ಊರವರ ಕಣ್ಣೆದುರಿಗೆ ಅದರ ತೊಲೆ ಜಂತೆಗಳು ಇಳಿದು ಬೀಳುವುದು ಬೇರೆ. ದೇಶಮುಖನ ಅವಮಾನವನ್ನು ಊರು ತನ್ನ ಅವಮಾನವೆಂದು ತಿಳಿದು 1874ರ ಕೊನೆಯ ಹೊತ್ತಿಗೆ ಸಾಹುಕಾರರಿಗೆ ಬಹಿಷ್ಕಾರ ಹಾಕಿತು. ಹಜಾಮನು ಅವರ ಕ್ಷೌರ ಮಾಡಲೊಲ್ಲೆನೆಂದನು. ಅಗಸನು ಬಟ್ಟೆ ಮುಟ್ಟಲಿಲ್ಲ. ನೀರು ಹೊರುವವರು ನಿಂತರು. ಅವರ ಹೊಲಗಳಿಗೆ ಆಳುಗಳು ಸಿಕ್ಕಲಿಲ್ಲ. ಬೇಸತ್ತು ಊರು ಬಿಡಲೆಣಿಸಿದವರಿಗೆ ಬಾಡಿಗೆಗೆ ಬಂಡಿಯೂ ದೊರೆಯದಂತಾಯಿತು. ಸುಪೆಯ ಬೆಂಕಿಗಿಂತ ಕರಡೆಯ ಈ ನಿಶ್ಶಬ್ದವಾದ ಅಸಹಕಾರವು ನನಗೆ ಹೆಚ್ಚು ಅರ್ಥವತ್ತಾಗಿ ತೋರುತ್ತದೆ. ಹೊಸ ಕಾನೂನಿನ ಬಲದಿಂದ ಊರಿನ ಹಂಗಿಲ್ಲದೆ ಬದುಕಬಲ್ಲೆನೆಂದು ಭಾವಿಸಿದ್ದ ಸಾಹುಕಾರನಿಗೆ, ಕಾನೂನು ಕ್ಷೌರ ಮಾಡದೆಂಬುದನ್ನು ಊರು ತಿಳಿಸಿಕೊಟ್ಟಿತು.

ದಂಗೆಯ ಕಾರಣಗಳನ್ನು ಶೋಧಿಸಲು ನೇಮಕವಾದ ಆಯೋಗವು 1876ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಆಯ್ದ ಹಳ್ಳಿಗಳನ್ನು ಪರೀಕ್ಷಿಸಿ, ಸರ್ಕಾರಿ ಜಮೀನಿನ ಹಿಡುವಳಿದಾರರಲ್ಲಿ ಸುಮಾರು ಮೂರನೆಯ ಒಂದು ಪಾಲು ಸಾಲದಲ್ಲಿ ಮುಳುಗಿದ್ದಾರೆಂದೂ, ಅವರ ಸಾಲವು ಸರಾಸರಿ ಅವರ ಕಂದಾಯದ 18 ಪಟ್ಟಿನಷ್ಟಿದೆಯೆಂದೂ ಅದು ಲೆಕ್ಕಹಾಕಿತು. ತಪ್ಪು ಯಾರದು? ಆಯೋಗದ ಬಹುಮತವು ಸಾಹುಕಾರನನ್ನೂ ಕೋರ್ಟಿನ ಪದ್ಧತಿಯನ್ನೂ ಮುಂದಿಟ್ಟಿತು. ಸದಸ್ಯರಲ್ಲೊಬ್ಬನಾದ ಆಕ್ಲೆಂಡ್ ಕಾಲ್ವಿನ್ನನು ಮಾತ್ರ, ಏರಿದ ಕಂದಾಯವೂ ಅದರ ವಸೂಲಿಯ ನಿಷ್ಠುರತೆಯೂ ಈ ದುರವಸ್ಥೆಯಲ್ಲಿ ಪಾಲುಗೊಂಡಿವೆಯೆಂದು ಬೇರೆಯಾಗಿ ಬರೆದನು. ಸರ್ಕಾರಕ್ಕೆ ಮೊದಲನೆಯ ಅಭಿಪ್ರಾಯವು ಹೆಚ್ಚು ರುಚಿಸಿತೆಂದು ಬೇರೆ ಹೇಳಬೇಕಾದ್ದಿಲ್ಲ.

ವರದಿಯ ಶಾಯಿ ಆರುವಷ್ಟರಲ್ಲಿ ಮಹಾಕ್ಷಾಮ ಬಂದಿತು. 1876ರಿಂದ 1878ರವರೆಗೆ ಪುಣೆ ಸೋಲಾಪುರಗಳನ್ನೂ, ಇತ್ತ ಕಲಾದಗಿ ಧಾರವಾಡಗಳನ್ನೂ, ಮೈಸೂರು ಸೀಮೆಯನ್ನೂ ಅದು ಹುರಿದು ಮುಕ್ಕಿತು. 1879ರ ಆದಿಯಲ್ಲಿ ವಾಸುದೇವ ಬಳವಂತ ಫಡಕೆಯು ಪುಣೆಯ ಸುತ್ತಿನ ಹಳ್ಳಿಗಳಲ್ಲಿ ದಂಡು ಕಟ್ಟಿಕೊಂಡು ಸಾಹುಕಾರರನ್ನು ಸುಲಿಯತೊಡಗಿದನು. ಆ ವರ್ಷದ ಜುಲೈ ತಿಂಗಳಲ್ಲಿ ಆತನು ಸಿಕ್ಕಿಬಿದ್ದದ್ದು ನಮ್ಮ ಕಲಾದಗಿ ಜಿಲ್ಲೆಯಲ್ಲಿ. ಇನ್ನು ತಡಮಾಡುವುದು ಕ್ಷೇಮವಲ್ಲವೆಂದು ಕಲ್ಕತ್ತೆಯ ಸರ್ಕಾರಕ್ಕೂ ಸಿಮ್ಲೆಯ ಶಾಸನಸಭೆಗೂ ತೋರಿ, ಥಿಯೋಡೋರ್ ಹೋಪನು ಮಂಡಿಸಿದ ದಖ್ಖಣ ರೈತರ ಪರಿಹಾರದ ಮಸೂದೆಯು ಆ ವರ್ಷವೇ 17ನೆಯ ಕಾಯಿದೆಯಾಗಿ, ಪುಣೆ, ಸಾತಾರ, ಸೋಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಲ್ಲಿ ನವೆಂಬರ್ ಒಂದರಿಂದ ಜಾರಿಗೆ ಬಂದಿತು.

ಈ ಕಾಯಿದೆಯ ಒಳಹೊಕ್ಕು ನೋಡಿದರೆ, ಅಂದಿನ ಉದಾರವಾದದ ನಂಬಿಕೆಗಳನ್ನೆಲ್ಲ ಅದು ಎಷ್ಟು ಧೈರ್ಯದಿಂದ ಬದಿಗಿಟ್ಟಿತೆಂಬುದು ಗೊತ್ತಾಗುತ್ತದೆ. ಪತ್ರದಲ್ಲಿ ಬರೆದ ಮೊತ್ತವನ್ನು ನ್ಯಾಯಾಧೀಶನು ಕಣ್ಮುಚ್ಚಿ ಒಪ್ಪದೆ, ವ್ಯವಹಾರದ ಆದಿಯವರೆಗೂ ಹೋಗಿ ಲೆಕ್ಕ ತೆಗೆಯಬೇಕು. ಡಿಕ್ರಿಯ ಹಣವನ್ನು ಕಂತುಗಳಲ್ಲಿ ಕೊಡಿಸಬಹುದು. ಹಳ್ಳಿಯ ರಿಜಿಸ್ಟ್ರಾರನ ಎದುರಿಗೆ ಬರೆಯದ ಪತ್ರ ಸಲ್ಲದು. ಹಣದ ಡಿಕ್ರಿಗಾಗಿ ಒಕ್ಕಲಿಗನನ್ನು ಸೆರೆಗೆ ಹಾಕಕೂಡದು. ಇವೆಲ್ಲಕ್ಕೂ ಕಳಶವೆಂಬಂತೆ 22ನೆಯ ಕಲಮು: ಒಕ್ಕಲಿಗನ ಸ್ಥಿರ ಸ್ವತ್ತು, ಆ ಸಾಲಕ್ಕೆಂದೇ ನಿರ್ದಿಷ್ಟವಾಗಿ ಅಡವಿಟ್ಟಿದ್ದ ಹೊರತು, ಯಾವ ಡಿಕ್ರಿಗೂ ಜಪ್ತಿಯಾಗತಕ್ಕದ್ದಲ್ಲ, ಮಾರಾಟವಾಗತಕ್ಕದ್ದಲ್ಲ. ಡಿಕ್ರಿದಾರನಿಗೆ ಏನೂ ಸಿಗಬಾರದೆಂದಲ್ಲ. ಸಾಲಗಾರನೂ ಆತನ ಕುಟುಂಬವೂ ಬದುಕುವುದಕ್ಕೆ ಬೇಕಾದಷ್ಟು ಹೊಲವನ್ನು ಬಿಟ್ಟು, ಮಿಕ್ಕುದನ್ನು ಏಳು ವರ್ಷ ಮೀರದಂತೆ ಕಲೆಕ್ಟರನು ತನ್ನ ವಶಕ್ಕೆ ತೆಗೆದುಕೊಂಡು, ಅದರ ಉತ್ಪನ್ನದಿಂದ ಸಾಲವನ್ನು ತೀರಿಸಬಹುದಾಗಿತ್ತು. ಅವಧಿ ತೀರಿದಮೇಲೆ ಹೊಲ ಮತ್ತೆ ಒಕ್ಕಲಿಗನದೇ.

ಚರ ಸ್ವತ್ತಿನ ಮಾತು ಈ ವೇಳೆಗೆ ಬೇರೊಂದು ದಾರಿಯಲ್ಲಿ ಇತ್ಯರ್ಥವಾಗಿತ್ತು. 1877ರಲ್ಲಿ ದಿವಾಣಿ ಸಂಹಿತೆಯನ್ನು ಹೊಸದಾಗಿ ಬರೆದಾಗ, ಹಿಂದಿನ ಬಾಯ್ದೆರೆದ ವಾಕ್ಯದ ಬೆನ್ನಿಗೇ ಜಪ್ತಿಗೆ ಒಳಪಡದ ಪದಾರ್ಥಗಳ ಪಟ್ಟಿಯೊಂದನ್ನು ಸೇರಿಸಿದರು. ಉಡುವ ಬಟ್ಟೆ, ಕಸಬುದಾರನ ಹತಾರುಗಳು, ಒಕ್ಕಲುತನದ ಸಲಕರಣೆಗಳು, ಜೀವನೋಪಾಯಕ್ಕೆ ಅವಶ್ಯವೆಂದು ಕೋರ್ಟು ಎಣಿಸುವ ದನಗಳು, ಒಕ್ಕಲಿಗನು ತಾನೇ ವಾಸವಾಗಿರುವ ಸ್ವಂತ ಮನೆಯ ಸಾಮಗ್ರಿ. ಈ ಕೊನೆಯ ಬಾಬನ್ನು ಓದುವಾಗ ಕರಡೆಯಲ್ಲಿ ಇಳಿದುಬಿದ್ದ ತೊಲೆಗಳು ನೆನಪಿಗೆ ಬಾರದಿರವು. ಅದೇ ಪಟ್ಟಿಯಲ್ಲಿ ಲೆಕ್ಕದ ಪುಸ್ತಕಗಳಿಗೂ ಜಪ್ತಿಯಿಂದ ವಿನಾಯಿತಿ ಉಂಟೆಂಬುದು ವಿನೋದದ ಸಂಗತಿ. ಸುಪೆಯಲ್ಲಿ ಜನರು ಸುಟ್ಟ ವಹಿಗಳಿಗೂ ಅವರ ನೇಗಿಲಿಗೂ ಶಾಸನಕರ್ತರು ಒಂದೇ ಸೂರಿನಡಿ ಜಾಗ ಕೊಟ್ಟರು. 1908ರ ಸಂಹಿತೆಯ 60ನೆಯ ಕಲಮಿನಲ್ಲಿ ಈ ಪಟ್ಟಿಯು ಇನ್ನಷ್ಟು ಬೆಳೆದುದನ್ನು ಕಾಣಬಹುದು: ಅಡಿಗೆಯ ಪಾತ್ರೆಗಳು, ಹಾಸಿಗೆ ಹೊದಿಕೆ, ಬಿತ್ತನೆಯ ಕಾಳು, ಕೂಲಿಯವನ ಕೂಲಿ, ಮತ್ತು ಧಾರ್ಮಿಕ ಆಚಾರದ ಮೇರೆಗೆ ಸ್ತ್ರೀಯು ಮೈಯಿಂದ ತೆಗೆಯಲಾಗದ ಆಭರಣ. ತಾಳಿಯೆಂಬ ಮಾತು ಅಲ್ಲಿಲ್ಲ. ಆದರೂ ಅಮೀನನು ಹೊಸ್ತಿಲಲ್ಲಿ ನಿಂತು ದಾಸ್ತಾನು ಬರೆದುಕೊಳ್ಳುತ್ತಿರುವಾಗ ಒಳಗಿನಿಂದ ನೋಡುತ್ತಿದ್ದ ಹೆಂಗಸಿಗೆ ಅದರ ಅರ್ಥವನ್ನು ವಕೀಲರು ಹೇಳಿಕೊಡಬೇಕಾಗಿರಲಿಲ್ಲ. ಒಬ್ಬ ಮನುಷ್ಯನು ಎಷ್ಟೇ ಸೋತರೂ ಆತನಲ್ಲಿ ಉಳಿಯಲೇಬೇಕಾದ್ದು ಇಷ್ಟೆಂದು ಒಂದು ಸರ್ಕಾರವು ಕಾಗದದ ಮೇಲೆ ಬರೆದುಕೊಟ್ಟ ದಾಖಲೆಯನ್ನಾಗಿ ಈ ಶುಷ್ಕವಾದ ಕಲಮನ್ನು ಓದಿದರೆ ಅದರಲ್ಲಿ ಸ್ವಾರಸ್ಯವಿದೆ.

ಕಾಯಿದೆ ಬಂದಿತು, ಸಾಹುಕಾರನು ಸುಮ್ಮನಿದ್ದನೆ? ಅಡವಿಲ್ಲದ ಸಾಲಕ್ಕೆ ಹೊಲ ದಕ್ಕದೆಂದು ತಿಳಿದೊಡನೆ ಆತನು ಅಡವಿಲ್ಲದೆ ಸಾಲ ಕೊಡುವುದನ್ನು ಬಿಟ್ಟನು. ಅಡವಿನ ವ್ಯವಹಾರದಲ್ಲಿಯೂ ಕೋರ್ಟು ಲೆಕ್ಕ ಕೆದಕುವುದೆಂದು ಕಂಡಮೇಲೆ, ಅಡಮಾನ ಪತ್ರಕ್ಕೆ ಬದಲಾಗಿ ಶುದ್ಧ ಖರೇದಿ ಪತ್ರವನ್ನೇ ಬರೆಸಿಕೊಳ್ಳತೊಡಗಿದನು. ಸಾಲ ತೀರಿದರೆ ಹೊಲ ಹಿಂದಕ್ಕೆ ಕೊಡುತ್ತೇನೆಂಬುದು ಬಾಯಿಮಾತು. ಪತ್ರದಲ್ಲಿ ಮಾತ್ರ ಸಂಪೂರ್ಣ ವಿಕ್ರಯ. ಜಪ್ತಿ ಮಾಡಬಾರದೆಂದು ಕಾಯಿದೆ ಹೇಳಿತ್ತೇ ಹೊರತು ರೈತನು ತಾನಾಗಿ ಮಾರಬಾರದೆಂದು ಹೇಳಿರಲಿಲ್ಲ. ಅಮೀನನಿಂದ ರೈತನನ್ನು ಕಾಪಾಡಿದ ಶಾಸನವು ಆತನ ಸ್ವಂತ ಕೈಯ ಗುರುತಿನಿಂದ ಆತನನ್ನು ಕಾಪಾಡಲಾರದೆ ಹೋಯಿತು. ಹೊರನೋಟಕ್ಕೆ ಕ್ರಯವಾಗಿದ್ದರೂ ವಸ್ತುತಃ ಅಡಮಾನವೇ ಆಗಿತ್ತೆಂದು ತೋರಿಸಲು ಬಾಯಿಸಾಕ್ಷ್ಯವನ್ನು ಸ್ವೀಕರಿಸಬಹುದೆಂಬ 10ಎ ಕಲಮನ್ನು ಆಮೇಲೆ ಸೇರಿಸಬೇಕಾಗಿ ಬಂದುದು ಈ ಕಾರಣದಿಂದಲೇ. ಅಷ್ಟರಲ್ಲಿ ಎಷ್ಟು ಹೊಲಗಳು ಕೈಬದಲಾಯಿಸಿದುವೋ!

ಈ ಕಾಯಿದೆಯ ಮೇಲ್ವಿಚಾರಣೆಗೆಂದು ಏರ್ಪಟ್ಟಿದ್ದ ವಿಶೇಷ ನ್ಯಾಯಾಧೀಶನ ಸ್ಥಾನದಲ್ಲಿ, 1893ರಲ್ಲಿ ಮುಂಬಯಿ ಹೈಕೋರ್ಟಿಗೆ ಹೋಗುವ ಮುಂಚೆ, ಮಹಾದೇವ ಗೋವಿಂದ ರಾನಡೆಯವರು ಕೆಲಸ ಮಾಡಿದರು. ಜಪ್ತಿಯಿಂದ ಬಿಡುಗಡೆ ಮಾಡಿದ ಮಾತ್ರಕ್ಕೆ ರೈತನಿಗೆ ಎತ್ತು ಬಿತ್ತನೆಗಳಿಗೆ ಬೇಕಾದ ಹಣ ಹುಟ್ಟದೆಂಬುದು ಅವರಿಗೂ, ಅವರ ಮಿತ್ರನಾದ ವಿಲಿಯಂ ವೆಡರ್‌ಬರ್ನನಿಗೂ ಸ್ಪಷ್ಟವಾಗಿದ್ದಿತು. ಪುರಂದರ ತಾಲ್ಲೂಕಿನಲ್ಲಿ ಒಂದು ಕೃಷಿ ಬ್ಯಾಂಕನ್ನು ಪ್ರಯೋಗಕ್ಕಾಗಿ ತೆರೆಯಬೇಕೆಂಬ ಯೋಜನೆಗೆ ರಿಪನ್ ಪ್ರಭುವಿನ ಸರ್ಕಾರವು ಒಲವು ತೋರಿದರೂ, ಲಂಡನ್ನಿನಲ್ಲಿ ಅದು ನಿರಾಕೃತವಾಯಿತು.

ಸಾಹುಕಾರನ ಕೈಯನ್ನು ಕಟ್ಟಿದ ಸರ್ಕಾರವು ತನ್ನ ಕೈಯನ್ನು ಕಟ್ಟಿಕೊಂಡಿತೇ ಎಂಬ ಪ್ರಶ್ನೆಯನ್ನು ಕೇಳದಿರುವಂತಿಲ್ಲ. ಪರಿಹಾರದ ಕಾಯಿದೆ ಬಂದ 1879ರಲ್ಲಿಯೇ ಮುಂಬಯಿಯ ಭೂಕಂದಾಯ ಸಂಹಿತೆಯೂ ಬಂದಿತು. ಕಂದಾಯದ ಬಾಕಿಗೆ ಹೊಲವನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವು ಅದರಲ್ಲಿ ಅಬಾಧಿತವಾಗಿ ಉಳಿಯಿತು. ಕಾಲ್ವಿನ್ನನ ಟಿಪ್ಪಣಿಗೆ ದೊರೆತ ಉತ್ತರ ಇದು. 1899ರಲ್ಲಿ ಆರಂಭವಾದ ಬರಗಾಲದ ತರುವಾಯ, ಹೀಗೆ ಮುಟ್ಟುಗೋಲಾದ ಜಮೀನನ್ನು ರೈತರಿಗೆ ಮತ್ತೆ ಕೊಡುವಾಗ ಪರಭಾರೆಯ ಹಕ್ಕಿಲ್ಲದೆ ಕೊಡಬಹುದೆಂಬ ತಿದ್ದುಪಡಿಯನ್ನು ಮುಂಬಯಿ ಸರ್ಕಾರವು 1901ರಲ್ಲಿ ಶಾಸನಸಭೆಯ ಮುಂದಿಟ್ಟಿತು. ಮಾರಲೂ ಆಗದ, ಅಡವಿಡಲೂ ಆಗದ ಹೊಲ! ರಕ್ಷಣೆಯ ಪರಮಾವಧಿಯೆಂದೇ ಇದನ್ನು ಸರ್ಕಾರವು ವರ್ಣಿಸಿತು. ಆಶ್ಚರ್ಯವೇನೆಂದರೆ, ರೈತರ ಪಕ್ಷಪಾತಿಗಳೆಂದು ಪ್ರಸಿದ್ಧರಾದವರೇ ಅದನ್ನು ಉಗ್ರವಾಗಿ ವಿರೋಧಿಸಿದರು. ಫಿರೋಜಶಹಾ ಮೆಹತಾ, ಗೋಪಾಲಕೃಷ್ಣ ಗೋಖಲೆ ಮೊದಲಾದ ಸದಸ್ಯರು ಸಭೆಯನ್ನೇ ತ್ಯಜಿಸಿ ಹೊರನಡೆದರು. ಮಾರುವ ಹಕ್ಕಿಲ್ಲದವನಿಗೆ ಸಾಲ ಕೊಡುವವರಾರು, ಸಾಲವಿಲ್ಲದೆ ಬರಗಾಲದ ಮರುವರ್ಷ ಬಿತ್ತುವವನಾರು, ಒಕ್ಕಲಿಗನು ಸರ್ಕಾರದ ಗೇಣಿದಾರನಾಗಿಬಿಡುವುದಿಲ್ಲವೆ ಎಂಬುದು ಅವರ ವಾದದ ತಿರುಳು. ಸರ್ಕಾರದ ಕಡೆ ಮತಗಳಿದ್ದುವು, ಮಸೂದೆ ಕಾಯಿದೆಯಾಯಿತು. ಜಪ್ತಿಯಾಗದ ಸೊತ್ತಿನ ಮೇಲೆ ಸಾಲ ಹುಟ್ಟದೆಂಬ ವಾದವನ್ನು ಸಾಹುಕಾರನು ಆಡಿದಾಗ ಸ್ವಾರ್ಥವೆನ್ನಬಹುದಾಗಿತ್ತು. ಗೋಖಲೆಯವರು ಆಡಿದಾಗ ಹಾಗೆನ್ನುವಂತಿರಲಿಲ್ಲ.

1904ರಲ್ಲಿ ಬಂದ ಸಹಕಾರ ಪತ್ತಿನ ಸಂಘಗಳ ಕಾಯಿದೆಯು ಈ ಗಂಟನ್ನು ಬೇರೊಂದು ಕಡೆಯಿಂದ ಬಿಚ್ಚಲು ಹೊರಟಿತು. ಮುಂಬಯಿ ಆಧಿಪತ್ಯಕ್ಕೆ ಆಗ ಸೇರಿದ್ದ ಧಾರವಾಡ ಜಿಲ್ಲೆಯ ಗದಗಿನ ಬಳಿ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಸ್ಥಾಪಿತವಾದ ಸಂಘವು ದೇಶದ ಮೊತ್ತಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಪ್ರಸಿದ್ಧವಾಗಿದೆ. ಮೈಸೂರು ಸಂಸ್ಥಾನವು ದಖ್ಖಣದ ಕಾಯಿದೆಯ ಮಾದರಿಯಲ್ಲಿ ತನ್ನದೇ ಆದ ರೈತರ ಪರಿಹಾರ ಕಾಯಿದೆಯನ್ನು ಮಾಡಿಕೊಂಡದ್ದು ಬಹಳ ತಡವಾಗಿ, 1928ರಲ್ಲಿ. ಮೂಲ ಕಾಯಿದೆಯ ಜಾಗಕ್ಕೆ ಮುಂಬಯಿಯಲ್ಲಿ 1939ರ ಕೃಷಿ ಸಾಲಗಾರರ ಪರಿಹಾರದ ಹೊಸ ಶಾಸನವು ಬಂದಿತು. ಸಹಕಾರ ಸಂಘಗಳ ವಿಷಯದಲ್ಲಿಯೂ ಹಳೆಯ ಚರ್ಚೆ ಸಂಪೂರ್ಣವಾಗಿ ಬಿಟ್ಟುಹೋಗಲಿಲ್ಲ: 1912ರ ಕಾಯಿದೆಯು, ಸಂಘದ ಸಾಲದಿಂದ ಕೊಂಡ ದನ, ಮೇವು, ಸಲಕರಣೆಗಳ ಮೇಲೆಯೂ, ಅದರಿಂದ ಬೆಳೆದ ಬೆಳೆಯ ಮೇಲೆಯೂ ಸಂಘಕ್ಕೆ ಸಾಲ ಕೊಟ್ಟ ಇತರರಿಗಿಂತ ಮೊದಲ ಹಕ್ಕನ್ನು ಕೊಟ್ಟು, ಅದರ ಜೊತೆಗೇ, ಸಂಘದಲ್ಲಿ ಸದಸ್ಯನು ಹೊಂದಿರುವ ಷೇರು ಮಾತ್ರ ಯಾವ ಕೋರ್ಟಿನ ಡಿಕ್ರಿಗೂ ಜಪ್ತಿಯಾಗತಕ್ಕದ್ದಲ್ಲವೆಂದು ವಿಧಿಸಿತು.